ಗುಂಡಗಡಗಿಗೊಂದು ಹಿಡಿತ

ಗುಂಡಗಿರುವುದೆಲ್ಲ ಹಟಮಾರಿ ಎಂಬ ತೀರ್ಮಾನಕ್ಕೆ ರಂಜನಾ ಗುರುವಾರ ಮಧ್ಯಾಹ್ನದ ಹೊತ್ತಿಗೆ ಬಂದುಬಿಟ್ಟಿದ್ದಳು. ಬೆಳಗಿನಿಂದ ಅವಳು ಮಷೀನಿನ ವೈಸಿಗೆ ಸಿಕ್ಕಿಸಿ ನೋಡಿದ್ದು ಒಂದೆರಡಲ್ಲ. ಡಬ್ಬಿಯ ಮುಚ್ಚಳದಿಂದ ಬಿಚ್ಚಿದ ಹಿತ್ತಾಳೆಯ ಗುಂಡು, ಮಗಳ ಮುರಿದ ಆಟಿಕೆಯ ಮರದ ಚೆಂಡು, ಕಡೆಗೆ ಏನೂ ಸಿಗದೆ ಒಂದು ಇಡೀ ಅಡಿಕೆ. ವೈಸ್ ಎಂದರೆ ಎರಡು ಕಬ್ಬಿಣದ ದವಡೆ. ಚಪ್ಪಟೆಯಾದದ್ದನ್ನು ಕೊಟ್ಟರೆ ಕಚ್ಚಿ ಹಿಡಿದು ಅಲುಗಾಡಲು ಬಿಡುವುದಿಲ್ಲ. ಗುಂಡಗಿರುವುದನ್ನು ಕೊಟ್ಟರೆ ಮಾತ್ರ ಆಚೆಗೊಂದು ಚುಕ್ಕೆ, ಈಚೆಗೊಂದು ಚುಕ್ಕೆ, ಅಷ್ಟೇ ಜಾಗದಲ್ಲಿ ಮುಟ್ಟುತ್ತದೆ. ಅಕ್ಷರ ಕೊರೆಯುವ ವಜ್ರದ ಮೊನೆ ಮೇಲಿನಿಂದ ಇಳಿದು ಪಕ್ಕಕ್ಕೆ ಎಳೆದ ಕೂಡಲೇ ಗುಂಡು ತನ್ನ ಪಾಡಿಗೆ ತಾನು ತಿರುಗಿಬಿಡುತ್ತದೆ. ಅಡಿಕೆಯಂತೂ ತಿರುಗುವುದಕ್ಕೂ ಒಪ್ಪದೆ ಟಣ್ಣನೆ ಹಾರಿ, ಗೋಡೆಯ ಕ್ಯಾಲೆಂಡರಿಗೆ ಬಡಿದು, ಶೋಕೇಸಿನ ಕ್ರಿಕೆಟ್ ಟ್ರೋಫಿಗಳ ನಡುವೆ ಎಲ್ಲೋ ಮಾಯವಾಯಿತು.

“ಹಿಡಿಯೋದು ಬರಬೇಕು,” ಎಂಬ ಮಾತು ಬಾಗಿಲ ಬಳಿಯ ಕುರ್ಚಿಯಿಂದ ಬಂತು.

ಕುರ್ಚಿಯಲ್ಲಿದ್ದವರು ಅವಳ ಮಾವ ನಿಜಲಿಂಗಪ್ಪ. ಎಪ್ಪತ್ತೆಂಟು ವರ್ಷ, ಬಿಳಿ ಧೋತರ, ಬಿಳಿ ಟೊಪ್ಪಿಗೆ. ಬೈಲಹೊಂಗಲದಿಂದ ಐವತ್ತಾರು ವರ್ಷದ ಹಿಂದೆ ಪುಣೆಗೆ ಬಂದು, ಕ್ಯಾಂಪ್ ಪೇಟೆಯ ಈ ಹತ್ತಡಿ ಅಗಲದ ಅಂಗಡಿಯಲ್ಲಿ ಉಳಿ, ಸುತ್ತಿಗೆ ಹಿಡಿದು ಜನರ ಪಾತ್ರೆ ಪಗಡಗಳ ಮೇಲೆ ಹೆಸರು ಹಾಕುತ್ತಾ ಬಾಳ್ವೆ ಮಾಡಿದವರು. ಆರು ವರ್ಷದ ಹಿಂದೆ ಕೈ ನಡುಗಲು ಶುರುವಾದ ಮೇಲೆ ಅಂಗಡಿ ಸೊಸೆಯ ಪಾಲಿಗೆ ಬಂತು. ಅವಳು ಬೋರ್ಡು ಬದಲಿಸಿದಳು, ಎರಡು ವರ್ಷದ ಹಿಂದೆ ಪುಟ್ಟದೊಂದು ಸಿಎನ್‌ಸಿ ಮಷೀನು ತಂದಳು, ಪದಕ, ಬಾಗಿಲ ನಾಮಫಲಕ, ಬಹುಮಾನದ ತಟ್ಟೆ ಎಲ್ಲವನ್ನೂ ಕಂಪ್ಯೂಟರಿನಲ್ಲಿ ಬರೆದು ಕೊರೆಯತೊಡಗಿದಳು. ಬದಲಿಸಲಾಗದೆ ಉಳಿದದ್ದು ಆ ಕುರ್ಚಿ ಒಂದೇ. ಮಾವ ದಿನಾ ಬೆಳಿಗ್ಗೆ ವಾಕಡದ ಮನೆಯಿಂದ ಅವಳ ಸ್ಕೂಟರಿನ ಹಿಂದೆ ಕೂತು, ಎಲ್ಲೆಲ್ಲಿ ತಿರುಗಬೇಕು, ಎಲ್ಲೆಲ್ಲಿ ಬ್ರೇಕು ಹಾಕಬೇಕು ಎಂದು ಹೇಳುತ್ತಾ ಬಂದು, ಆ ಕುರ್ಚಿಯಲ್ಲಿ ಆಸೀನರಾಗಿ ಸಂಜೆಯವರೆಗೆ ಅವಳ ಕೆಲಸಕ್ಕೆ ಅಂಕ ಕೊಡುತ್ತಿದ್ದರು. ಅಂಕ ಯಾವತ್ತೂ ಪಾಸಾಗುವಷ್ಟು ಬಂದದ್ದಿಲ್ಲ.

“ನೀವು ಹೆಂಗ ಹಿಡೀತಿದ್ರಿ, ಮಾವಾರ?” ಎಂದು ರಂಜನಾ ಅಂದಿನ ಮಟ್ಟಿಗೆ ನಾಲ್ಕನೆಯ ಬಾರಿ ಕೇಳಿದಳು.

“ಗಟ್ಟಿಯಾಗಿ.”

“ಗಟ್ಟಿಯಾಗಿ ಅಂದ್ರ ಯಾತರಿಂದ? ವೈಸಿನಿಂದೋ, ಇಕ್ಕಳದಿಂದೋ, ಮೇಣದಿಂದೋ?”

“ಐವತ್ತು ವರ್ಷ ನನ್ನ ಕೈಯಾಗಿಂದ ಒಂದು ಮಾಲು ಜಾರಿಲ್ಲ. ಕ್ಯಾಂಪಿನ್ಯಾಗ ಯಾರನ್ನ ಬೇಕಾದ್ರೂ ಕೇಳು.”

ಇದು ಉತ್ತರವೇ? ರಂಜನಾಗೆ ಆ ಮರದ ಚೆಂಡನ್ನು ತೆಗೆದು ಎಲ್ಲಿಗಾದರೂ ಎಸೆಯಬೇಕು ಅನಿಸಿತು. ಎಸೆಯಲಿಲ್ಲ, ಎಸೆದರೆ ಅದನ್ನು ಹುಡುಕುವ ಕೆಲಸವೂ ಅವಳದೇ.

ಇಷ್ಟೆಲ್ಲ ರಾಮಾಯಣ ಒಂದು ಗುಂಡಗಡಗಿಗಾಗಿ. ಕೊರಳಲ್ಲಿ ಇಷ್ಟಲಿಂಗವನ್ನು ಇಟ್ಟುಕೊಳ್ಳುವ ಬೆಳ್ಳಿಯ ಪುಟ್ಟ ಡಬ್ಬಿ ಅದು, ದೊಡ್ಡ ನೆಲ್ಲಿಕಾಯಿಯ ಗಾತ್ರ, ನಡುವೆ ತೆರೆದರೆ ಎರಡು ಹೋಳು, ಎರಡೂ ಬದಿಗೆ ದಾರ ಪೋಣಿಸುವ ತೆಳ್ಳನೆಯ ಕಿವಿಗಳು. ಅವಳ ಅತ್ತೆ ಸಾವಂತ್ರವ್ವನದು. ಹೋದ ವರ್ಷ ಅತ್ತೆ ತೀರಿಕೊಂಡಾಗ ಲಿಂಗವನ್ನು ಅವರ ಅಂಗೈಯಲ್ಲಿಟ್ಟೇ ಮಣ್ಣು ಮಾಡಿದರು. ಗುಂಡಗಡಗಿ ಖಾಲಿಯಾಗಿ ಮನೆಯಲ್ಲಿ ಉಳಿಯಿತು. ಬರುವ ಸೋಮವಾರ ವರ್ಷದ ಪುಣ್ಯಸ್ಮರಣೆ. ಸೊಲ್ಲಾಪುರದಿಂದ ಸ್ವಾಮಿಗಳು ಬಂದು, ಮೊಮ್ಮಗಳು ರೇಣುಗೆ ಲಿಂಗಧಾರಣೆ ಮಾಡಿಸಿ, ಅಜ್ಜಿಯ ಗುಂಡಗಡಗಿಯನ್ನೇ ಅವಳ ಕೊರಳಿಗೆ ಹಾಕುವವರಿದ್ದರು. ಅದರ ಮೇಲೆ ‘ಸಾವಂತ್ರವ್ವ’ ಎಂದು ಹೆಸರು ಹಾಕಬೇಕು ಎಂದದ್ದು ಬೇರೆ ಯಾರೂ ಅಲ್ಲ, ಮಾವನೇ.

ಹಾಗೆ ಅನ್ನುವುದಕ್ಕೆ ಕಾರಣವಿತ್ತು. ಆ ಮನೆಯ ತಂಬಿಗೆ, ತಾಟು, ಕೊಡ, ಚಮಚ ಎಲ್ಲದರ ಮೇಲೂ ‘ನಿ. ಶಿ. ಹಂಚಿನಾಳ’ ಎಂದು ಮಾವನ ಹೆಸರೇ ಚುಕ್ಕೆ ಚುಕ್ಕೆಯಾಗಿ ಕೂತಿತ್ತು. ಒಮ್ಮೆ ಪಾತ್ರೆ ತಿಕ್ಕುತ್ತಾ ಅತ್ತೆ ನಗುನಗುತ್ತಲೇ ಹೇಳಿದ್ದನ್ನು ರಂಜನಾ ಕಿವಿಯಾರೆ ಕೇಳಿದ್ದಳು. “ಪುಣೇದಾಗಿನ ಎಲ್ಲಾರ ಹೆಸರು ಬರದ್ರಿ. ನನ್ನ ಹೆಸರಿಂದು ಒಂದು ಚಮಚಾನೂ ಇಲ್ಲ ನೋಡ್ರಿ ಈ ಮನ್ಯಾಗ.” ಮಾವನೂ ಆಗ ನಕ್ಕು, ಪೇಪರು ಮಡಚಿಟ್ಟು, ಚಹಾ ಕೇಳಿದ್ದರು. ಈಗ ಒಂದು ವರ್ಷದಿಂದ ಆ ಮಾತು ಅವರಿಗೆ ಮರೆಯಲಾಗದಂತೆ ಚುಚ್ಚುತ್ತಿತ್ತು. ಹೋದ ರವಿವಾರ ದೇವರ ಮುಂದಿನಿಂದ ಗುಂಡಗಡಗಿಯನ್ನು ಎತ್ತಿ ತಂದು ಸೊಸೆಯ ಕೈಗಿಟ್ಟು, “ನನ್ನ ಕೈಲಿ ಆಗಂಗಿಲ್ಲ. ನೀ ಹಾಕಿಕೊಡು. ಕೆಡಬಾರದು,” ಎಂದರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ಅವಳು ಹದಿನೈದು ವರ್ಷದಲ್ಲಿ ಕೇಳಿರಲಿಲ್ಲ. ಹಿಂದೆ ಮುಂದೆ ನೋಡದೆ ಹೂಂ ಅಂದುಬಿಟ್ಟಳು.

ಹೂಂ ಅಂದದ್ದೇ ತಪ್ಪಾಯಿತು ಎಂದು ಈಗ ಅನಿಸುತ್ತಿತ್ತು. ಗುಂಡಗಡಗಿ ಇದ್ದದ್ದು ಒಂದು, ಕೆಟ್ಟರೆ ಬದಲಿಗೆ ಇನ್ನೊಂದಿಲ್ಲ. ಅದಕ್ಕೇ ಬೇರೆ ಗುಂಡುಗಳ ಮೇಲೆ ಈ ಪ್ರಯೋಗ. ಗುರುವಾರ ಸಂಜೆ ಸಿಟ್ಟಿನ ಭರದಲ್ಲಿ ಅವಳು ಮಾವನನ್ನೇ ಕೇಳಿದಳು. “ನಿಮ್ಮ ಕೊರಳಾಗಿನ ಗುಂಡಗಡಗಿ ಕೊಡ್ರಿ, ಮಾವಾರ. ಅದರ ಮ್ಯಾಲ ಮದಲ ಪ್ರಯೋಗ ಮಾಡ್ತೀನಿ.”

ನಿಜಲಿಂಗಪ್ಪ ಎರಡೂ ಕೈಯಿಂದ ಎದೆ ಮುಚ್ಚಿಕೊಂಡರು. “ಉಪನ್ಯಾಸ ಮಾಡಿದ್ದು ಸಾಕು, ಕೆಲಸ ಮಾಡು,” ಎಂದು ಗದರಿದರು. ಉಪನ್ಯಾಸ ಮಾಡಿದವರು ಯಾರು ಎಂದು ಕೇಳುವ ಆಸೆಯನ್ನು ಅವಳು ನುಂಗಿಕೊಂಡಳು.

ಗಂಡ ಶಿವಪ್ರಕಾಶನ ಸಹಾಯ ಬೇರೆ ಬಗೆಯದು. ಹಿಂಜವಡಿಯ ಆಫೀಸಿನಲ್ಲಿ ಕೂತೇ ಅವನು ಒಂಬತ್ತು ವೀಡಿಯೊ ಕಳಿಸಿದ. ಒಂಬತ್ತರಲ್ಲೂ ದಪ್ಪ ತೋಳಿನ ವಿದೇಶಿ ಗಂಡಸರು ನಾಣ್ಯದಂಥ ಚಪ್ಪಟೆ ಬಿಲ್ಲೆಗಳನ್ನು ಎರಡು ಬದಿಯ ಅಂಟು ಪಟ್ಟಿಯ ಮೇಲೆ ಕೂರಿಸಿ, ನಗುತ್ತಾ ಕೊರೆಯುತ್ತಿದ್ದರು. ಬಿಲ್ಲೆಗೆ ಅಗಲವಾದ ಬೆನ್ನಿದೆ, ಅಂಟುತ್ತದೆ. ಗುಂಡಿಗೆ ಬೆನ್ನೆಲ್ಲಿದೆ?

“ನಿಮಗ ಒಂದು ಸಲ ಕಣ್ಣು ತೆರದು ನೋಡಾಕ ಏನಾಗ್ತದ?” ಎಂದು ಅವಳು ಫೋನಿನಲ್ಲಿ ರೇಗಿದಳು. “ನಂದು ಗುಂಡಗ ಅದ, ಗುಂಡಗ!”

“ಫೆವಿಕಾಲ್ ಗಿವಿಕಾಲ್ ಏನರ ಹಚ್ಚಿ ನೋಡು,” ಎಂದ ಶಿವಪ್ರಕಾಶ. “ಮೀಟಿಂಗ್ ಅದ, ಇಡ್ಲ್ಯಾ?”

ಅವಳೇ ಮೊದಲು ಫೋನ್ ಇಟ್ಟಳು. ಬೆಳ್ಳಿಯ ಗುಂಡಗಡಗಿಗೆ ಅಂಟು ಹಚ್ಚಿ ಆಮೇಲೆ ಅದನ್ನು ಕೆರೆಯುತ್ತಾ ಕೂರುವುದೇ? ಅತ್ತೆಯ ಮುಖ ಕಣ್ಣ ಮುಂದೆ ಬಂತು. ದಿನಾ ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಆ ಗುಂಡಗಡಗಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ತೆರೆಯುತ್ತಿದ್ದರು. ಎಡಗೈ ಹೆಬ್ಬೆರಳಿನ ಬುಡದಲ್ಲಿ ಐದು ನೀಲಿಗಪ್ಪು ಚುಕ್ಕೆಗಳಿದ್ದವು. ಹಳೆಯ ಕಾಲದ ಹಚ್ಚೆ ಇರಬೇಕೆಂದು ರಂಜನಾ ಅಂದುಕೊಂಡಿದ್ದಳು, ಕೇಳಲು ಹೋಗಿರಲಿಲ್ಲ.

ಶುಕ್ರವಾರ ಪಂಢರಿನಾಥ ಬಂದ. ಮಷೀನು ಮಾರಿದ ಕಂಪನಿಯ ರಿಪೇರಿಯವನು, ಎಲ್ಲ ತೊಂದರೆಗೂ ಒಂದೇ ಧಾಟಿಯಲ್ಲಿ ನಗುವವನು. “ತಾಈ, ಗೋಲ್ ಆಹೇ ನಾ? ಮಗ ಚಕ್ ಲಾವಾ!” ಎಂದು ಮರಾಠಿಯಲ್ಲಿ ಹುರುಪಾಗಿ ಹೇಳಿ, ಚೀಲದಿಂದ ಮೂರು ಹಲ್ಲಿನ ಚಕ್ಕನ್ನು ತೆಗೆದ. ಗುಂಡಗಿದ್ದರೆ ಚಕ್ ಹಾಕಬೇಕಂತೆ. ಮೂರು ಹಲ್ಲು ಮೂರು ಕಡೆಯಿಂದ ಬಂದು ನಡುವಿನದನ್ನು ಹಿಡಿಯುತ್ತವೆ. ಹಿತ್ತಾಳೆಯ ಗುಂಡನ್ನು ಅದು ಎಷ್ಟು ಚೆಂದ ಹಿಡಿಯಿತೆಂದರೆ ಮೊನೆ ಎಳೆದ ಕಡೆಯೆಲ್ಲ ‘ಸಾವಂತ್ರವ್ವ’ ಎಂದು ಎಳೆ ಎಳೆಯಾಗಿ ಮೂಡಿತು. ಎರಡು ದಿನದಲ್ಲಿ ಮೊದಲ ಬಾರಿ ರಂಜನಾ ನಕ್ಕಳು. ಪಂಢರಿನಾಥನಿಗೆ ಎರಡು ಕಪ್ ಚಹಾ ತರಿಸಿದಳು.

ಕುರ್ಚಿ ಮಾತ್ರ ನಗಲಿಲ್ಲ. “ಅದು ಗಟ್ಟಿ ಗುಂಡು. ಇದು ಟೊಳ್ಳು,” ಎಂದಿತು.

ಆ ಮಾತನ್ನು ಕೇಳಬೇಕಿತ್ತು. ಆದರೆ ದಿನಕ್ಕೆ ನೂರು ಮಾತು ಬರುವ ಕಡೆಯಿಂದ ಬಂದ ಒಂದು ಒಳ್ಳೆಯ ಮಾತನ್ನು ಹೆಕ್ಕಿ ತೆಗೆಯುವುದು ಹೇಗೆ? ರಂಜನಾ ಗುಂಡಗಡಗಿಯನ್ನು ಚಕ್ಕಿನಲ್ಲಿಟ್ಟು, ಎರಡೇ ಬೆರಳಿನಿಂದ, ಉಸಿರು ಬಿಗಿಹಿಡಿದು, ಕೀಲಿಯನ್ನು ಕಾಲು ಸುತ್ತು ತಿರುಗಿಸಿದಳು. ಟಿಕ್ ಎಂದು ಒಂದು ಸಣ್ಣ ಸದ್ದಾಯಿತು. ಬಿಚ್ಚಿ ನೋಡಿದರೆ ಬದಿಯಲ್ಲಿ ಜೋಳದ ಕಾಳಿನಷ್ಟು ನೆಗ್ಗು ಬಿದ್ದಿತ್ತು.

ಪಂಢರಿನಾಥ ನಗುವುದನ್ನು ನಿಲ್ಲಿಸಿ, ಚಕ್ಕನ್ನು ಚೀಲಕ್ಕೆ ಹಾಕಿಕೊಂಡು, ಇನ್ನೊಂದು ಕಡೆ ಕಾಲ್ ಇದೆ ಎಂದು ಹೊರಟುಹೋದ. ರಂಜನಾಗೆ ಅಳು ಬಂತು. ಬೈಸಿಕೊಳ್ಳಲು ತಯಾರಾಗಿ ಮಾವನ ಕಡೆ ತಿರುಗಿದಳು. ಬೈಗುಳ ಬರಲಿಲ್ಲ. ನಿಜಲಿಂಗಪ್ಪ ಎದ್ದು ಬಂದು, ಗುಂಡಗಡಗಿಯನ್ನು ಕೈಯಲ್ಲಿ ತೆಗೆದುಕೊಂಡು, ನೆಗ್ಗಿನ ಮೇಲೆ ಬೆರಳಾಡಿಸಿದರು.

“ಅಕಿ ಕೊರಳಾಗ ಐವತ್ತು ವರ್ಷ ಇತ್ತು. ಎರಡು ಸಲ ಬಸ್ಸಿನ್ಯಾಗ ಬಿದ್ದಾಳ. ನೆಗ್ಗಿರಲಿಲ್ಲ,” ಎಂದರು. “ಒಳಗ ಏನೂ ಇಲ್ಲ ಈಗ. ಖಾಲಿ ಇದ್ದದ್ದು ನೆಗ್ಗತದ.”

ಶನಿವಾರ ಬೆಳಿಗ್ಗೆ ಅವರೇ ಅಂಗಡಿಯ ಹಿಂಬದಿಯಲ್ಲಿ ಚಹಾ ಕಾಸುವ ಒಲೆ ಹಚ್ಚಿ, ಸಣ್ಣ ಬೋಗುಣಿಯಲ್ಲಿ ಅರಗು ಕರಗಿಸಿದರು. ಅಕ್ಕಸಾಲಿಗರು ಟೊಳ್ಳು ಒಡವೆಗೆ ತುಂಬುವ ಕಂದು ಅರಗು. ಅದರ ಘಾಟಿಗೆ ಪಕ್ಕದ ಟೇಲರ್ ಉಮಾವತಿ ಮೂಗು ಮುಚ್ಚಿಕೊಂಡು ಬಂದು ಜಗಳ ತೆಗೆದಳು, ಅವಳನ್ನು ಸಮಾಧಾನ ಮಾಡುವುದು ರಂಜನಾಳ ಕೆಲಸವಾಯಿತು. ಅತ್ತ ಮಾವ ಒಳಗಿನಿಂದ ಮರದ ಕಡ್ಡಿಯಲ್ಲಿ ನೆಗ್ಗನ್ನು ತುಸು ತುಸುವೇ ಒತ್ತಿ ಎಬ್ಬಿಸಿ, ಎರಡೂ ಹೋಳಿಗೆ ಅರಗು ತುಂಬಿ, ಆರಿದ ಮೇಲೆ ಕೂಡಿಸಿ ತಂದು ಮೇಜಿನ ಮೇಲಿಟ್ಟರು. ಕೆಲಸ ಮುಗಿದ ಮೇಲೆ ಬಿಸಿ ಮಾಡಿದರೆ ಅರಗು ಬಿಟ್ಟುಬರುತ್ತದಂತೆ. ನೆಗ್ಗು ಎಲ್ಲಿತ್ತೆಂದು ಹುಡುಕಬೇಕಾಯಿತು. ಗುಂಡಗಡಗಿ ಈಗ ಕೈಗೆ ಭಾರವಾಗಿ, ಗಟ್ಟಿಯಾಗಿ ಹತ್ತುತ್ತಿತ್ತು.

“ಇಷ್ಟೆಲ್ಲಾ ಗೊತ್ತದ ನಿಮಗ!” ಎಂದಳು ರಂಜನಾ. ಮೆಚ್ಚುಗೆಗಿಂತ ಸಿಟ್ಟೇ ಹೆಚ್ಚಿತ್ತು. “ಹಂಗಾದ್ರ ಹಿಡಿಯೋದು ಹೆಂಗ ಅಂತ ಯಾಕ ಹೇಳವಲ್ರಿ? ಎಷ್ಟು ಗುಂಡಗಡಗಿಗೆ ಹೆಸರು ಹಾಕೀರಿ ನೀವು?”

“ಮುನ್ನೂರರ ಮ್ಯಾಲ.”

“ಎಲ್ಲಿ ಕೂತು ಹಾಕ್ತಿದ್ರಿ? ಇದ ಅಂಗಡ್ಯಾಗ?”

“ಇಲ್ಲಿ ಗದ್ದಲ. ಗುಂಡನ ಮಾಲು ನಾ ಮನೀಗೇ ಒಯ್ತಿದ್ದೆ,” ಎಂದು ಹೇಳಿ ಮಾವ ಮತ್ತೆ ಕುರ್ಚಿ ಸೇರಿ, ಪೇಪರಿನ ಹಿಂದೆ ಮರೆಯಾದರು.

ಅಲ್ಲಿಗೆ ರಂಜನಾಗೆ ಖಾತ್ರಿಯಾಯಿತು. ವಾಕಡಕ್ಕೆ ಬರುವ ಮೊದಲು ಇದ್ದ ಭವಾನಿ ಪೇಠೆಯ ಆ ಹಳೆಯ ಎರಡು ಕೋಣೆಯ ಮನೆಯಲ್ಲಿ ಇವರು ಏನೋ ಒಂದು ಸಾಧನ ಮಾಡಿಟ್ಟುಕೊಂಡಿದ್ದರು, ಕಸುಬಿನ ಗುಟ್ಟು, ಸೊಸೆಗೂ ಹೇಳುವುದಿಲ್ಲ. ಇಂಥ ಜನರಿರುತ್ತಾರೆ. ಹಪ್ಪಳದ ಹದ ಹೇಳದೆ ಸಾಯುವ ಮುದುಕಿಯರಿರುವ ಹಾಗೆ ಇವರೊಬ್ಬರು. ಇರಲಿ, ಇವರ ಗುಟ್ಟು ಇವರಿಗೇ ಇರಲಿ. ತನ್ನ ತಲೆಯೂ ಕೆಲಸ ಮಾಡುತ್ತದೆ.

ತಲೆ ಕೆಲಸ ಮಾಡಿದ್ದೂ ನಿಜ. ಗುಂಡನ್ನು ಎರಡು ಚುಕ್ಕೆಯಲ್ಲಿ ಹಿಡಿದರೆ ತಿರುಗುತ್ತದೆ, ಮೂರು ಕಡೆ ಹಿಡಿದರೆ ನೆಗ್ಗುತ್ತದೆ. ಹಾಗಾದರೆ ಸುತ್ತಲೂ ಹಿಡಿಯಬೇಕು. ಮರದ ದಪ್ಪ ತುಂಡಿನಲ್ಲಿ ಗುಂಡಗಡಗಿಯ ಅಳತೆಗೆ ಸರಿಯಾಗಿ ಒಂದು ಕುಳಿ ಕೊರೆದು, ಪಕ್ಕದಲ್ಲಿ ಗರಗಸದಿಂದ ಒಂದು ಸೀಳು ಹಾಕಿದರೆ, ವೈಸು ಮರವನ್ನು ಹಿಂಡುತ್ತದೆ, ಮರ ಗುಂಡನ್ನು ಸುತ್ತಲಿಂದ ಸಮನಾಗಿ ಹಿಡಿಯುತ್ತದೆ. ಕುಳಿಯನ್ನೂ ಅದೇ ಮಷೀನಿನಿಂದ, ತುಂಡನ್ನು ವೈಸಿನಿಂದ ತೆಗೆಯದೆ ಕೊರೆದರೆ ನಡುವಿನ ಬಿಂದು ಎಲ್ಲಿದೆ ಎಂದು ಹುಡುಕುವ ಗೋಳೂ ಇಲ್ಲ, ಮಷೀನಿಗೇ ಗೊತ್ತಿರುತ್ತದೆ. ಇಷ್ಟು ಸುಲಭದ್ದು ಮೂರು ದಿನ ಯಾಕೆ ಹೊಳೆಯಲಿಲ್ಲವೋ! ಅಂಗಡಿಯಲ್ಲಿ ತೇಗದ ದಪ್ಪ ತುಂಡು ಒಂದೇ ಒಂದು ಉಳಿದಿತ್ತು. ಅದಕ್ಕೆ ಸೀಳು ಹಾಕಿ ವೈಸಿಗೆ ಸಿಕ್ಕಿಸಿದಳು, ಗುಂಡಗಡಗಿಯ ಅಳತೆ ತೆಗೆದಳು, ಕಂಪ್ಯೂಟರಿಗೆ ಕೊಟ್ಟಳು, ಮಷೀನು ಗುಂಯ್ಯೆಂದು ಮರದ ಪುಡಿ ಹಾರಿಸುತ್ತಾ ಕುಳಿ ಕೊರೆಯಿತು.

ಗುಂಡಗಡಗಿಯನ್ನು ಕುಳಿಯಲ್ಲಿಟ್ಟರೆ ಅದು ಲೊಡಲೊಡ ಅಂದಿತು. ಸುತ್ತಲೂ ಒಂದೊಂದು ಮಿಲಿಮೀಟರ್ ಸಡಿಲ. ಕೊರೆಯುವ ಮೊನೆಗೂ ಒಂದು ದಪ್ಪವಿದೆ, ಅದನ್ನು ಅಳತೆಯಲ್ಲಿ ಕಳೆಯಬೇಕು ಎನ್ನುವುದು ಮೊದಲ ದಿನ ಕಲಿಯುವ ಪಾಠ. ಎರಡು ವರ್ಷ ಮಷೀನು ನಡೆಸಿದ ರಂಜನಾ ಅದನ್ನೇ ಮರೆತಿದ್ದಳು. ವೈಸನ್ನು ಎಷ್ಟು ಬಿಗಿದರೂ ತೇಗ ಅಷ್ಟು ಬಾಗಲಿಲ್ಲ. ಬೇರೆ ತುಂಡಿಗಾಗಿ ಮರ ತಂದುಕೊಡುವ ಬಡಿಗನಿಗೆ ಫೋನು ಮಾಡಿದರೆ ಅವನು ಮಗಳನ್ನು ನೋಡಲು ಸಾಸವಡಕ್ಕೆ ಹೋಗಿದ್ದ, ಸೋಮವಾರ ಸಂಜೆ ತರುತ್ತೇನೆ ಎಂದ. ಸೋಮವಾರ ಸಂಜೆ! ಸ್ವಾಮಿಗಳು ಬರುವುದು ಸೋಮವಾರ ಬೆಳಿಗ್ಗೆ ಎಂಟಕ್ಕೆ.

ಮಾವ ಚಹಾ ಕುಡಿಯಲು ಓಣಿಯ ತುದಿಗೆ ಹೋಗಿದ್ದರು. ರಂಜನಾಳ ಸಿಟ್ಟು ನೆತ್ತಿಗೇರಿತು. ಮನಸ್ಸಿನಲ್ಲಿ ಎಲ್ಲರನ್ನೂ ಬೈದಳು. ಮಷೀನನ್ನು, ಮೀಟಿಂಗಿನ ಗಂಡನನ್ನು, ನಗುವ ಪಂಢರಿನಾಥನನ್ನು, ಮಗಳನ್ನು ನೋಡಲು ಹೋದ ಬಡಿಗನನ್ನು, ಎಲ್ಲರಿಗಿಂತ ಹೆಚ್ಚಾಗಿ ಗುಟ್ಟು ಮುಚ್ಚಿಟ್ಟ ಮುದುಕನನ್ನು. ಆಮೇಲೆ ಸ್ಟೂಲು ಹತ್ತಿ ಅಟ್ಟದ ಮೇಲಿನ ಮಾವನ ಟ್ರಂಕನ್ನು ಇಳಿಸಿದಳು. ಬೀಗವಿರಲಿಲ್ಲ. ಹದಿನೈದು ವರ್ಷದಲ್ಲಿ ಅವಳು ಮುಟ್ಟದ ಟ್ರಂಕು ಅದು, ಇವತ್ತು ಮುಟ್ಟುವುದೇ ಸರಿ.

ಒಳಗೆ ಉಳಿಗಳಿದ್ದವು, ಒಂದು ತಲೆ ಸವೆದ ಸುತ್ತಿಗೆ, ಅರಗಿನ ಗಟ್ಟಿ, ಮದುವೆಯ ಪಾತ್ರೆಗಳ ಮೇಲೆ ಯಾರ್ಯಾರ ಹೆಸರು ಎಂದು ಬರೆದ ಹಳೆಯ ಚೀಟಿಗಳು, ತಳದಲ್ಲಿ ನಾಲ್ಕು ಮಡಿಕೆ ಮಾಡಿದ ಒಂದು ಹಳೆಯ ಬಟ್ಟೆ. ಇಕ್ಕಳವಿಲ್ಲ, ಹಿಡಿಕೆಯಿಲ್ಲ, ಸ್ಕ್ರೂ ಇಲ್ಲ. ಗುಟ್ಟಿನ ಸಾಧನ ಎನ್ನುವಂಥದ್ದು ಒಂದೂ ಇಲ್ಲ. ಟ್ರಂಕನ್ನು ಬೋರಲು ಹಾಕಿ ನೋಡಿದರೂ ಬಿದ್ದದ್ದು ಒಂದು ಸತ್ತ ಜಿರಲೆ. ರಂಜನಾಗೆ ಸೋತುಹೋದಂತಾಗಿ, ಆ ಬಟ್ಟೆಯನ್ನು ತೆಗೆದುಕೊಂಡು, ಮಷೀನಿನ ಮೇಲೆಲ್ಲ ಕೂತಿದ್ದ ಮರದ ಪುಡಿಯನ್ನೂ ಎಣ್ಣೆಯನ್ನೂ ರಪರಪ ಒರೆಸತೊಡಗಿದಳು.

“ಆ ಅರಿವಿ ಎಲ್ಲಿಂದ ತಗೊಂಡಿ?”

ಮಾವ ಬಾಗಿಲಲ್ಲಿ ನಿಂತಿದ್ದರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಅವಳಿಗೆ ಮೊದಲು ಬೇರೆ ಯಾರೋ ಅನಿಸಿತು.

“ನಿಮ್ಮ ಟ್ರಂಕಿನ್ಯಾಗಿಂದ,” ಎಂದಳು. ಸಿಟ್ಟು ಇನ್ನೂ ಇಳಿದಿರಲಿಲ್ಲ. “ಹೌದ್ರಿ, ತಗದೆ. ನೀವು ಹೇಳಲಿಲ್ಲ, ಅದಕ್ಕ ನಾನ ಹುಡಿಕಿದೆ. ಏನೂ ಇಲ್ಲ ಅದರಾಗ. ಇದು ಒರಸೂ ಅರಿವಿ ಅಲ್ಲೇನು?”

ನಿಜಲಿಂಗಪ್ಪ ಬಂದು ಅವಳ ಕೈಯಿಂದ ಬಟ್ಟೆಯನ್ನು ತೆಗೆದುಕೊಂಡರು. ಕುರ್ಚಿಯಲ್ಲಿ ಕೂತು, ಮೊಣಕಾಲ ಮೇಲೆ ಹರಡಿ, ಮರದ ಪುಡಿಯನ್ನು ಕೊಡವಿದರು. ಆಗ ಅವಳಿಗೆ ಕಂಡಿತು. ಕೆಂಪು ಬಣ್ಣ ಮಾಸಿ ಕಂದಾಗಿತ್ತು, ಆದರೂ ಬಿಳಿಯ ಗೋಪುರದಂಥ ನೇಯ್ಗೆ ಅಲ್ಲಲ್ಲಿ ಉಳಿದಿತ್ತು. ಇಳಕಲ್ ಸೀರೆಯ ಸೆರಗು. ನಡುವೆಲ್ಲ ಸೂಜಿ ಚುಚ್ಚಿದಂಥ ತೂತುಗಳು.

“ನಿಮ್ಮ ಅತ್ತೀದು,” ಎಂದರು. ಒಂದು ತೂತಿನ ಮೇಲೆ ಬೆರಳಿಟ್ಟು ಮುಂದುವರಿಸಿದರು. “ಹೆಂಗ ಹಿಡೀತಿದ್ರಿ, ಹೆಂಗ ಹಿಡೀತಿದ್ರಿ ಅಂತ ಮೂರು ದಿನದಿಂದ ಕೇಳಾಕತ್ತಿ. ನಾ ಹಿಡೀತಿರಲಿಲ್ಲ, ರಂಜನಾ. ಅಕಿ ಹಿಡೀತಿದ್ಳು.”

ರಂಜನಾ ಸ್ಟೂಲು ಎಳೆದುಕೊಂಡು ಅವರ ಎದುರಿಗೆ ಕೂತಳು.

“ಅಡಗಿ ಮುಗಿಸಿ ನನ್ನ ಎದುರಿಗೆ ನೆಲದ ಮ್ಯಾಲ ಕೂಡತಿದ್ಳು. ಈ ಸೆರಗಿನ ತುಂಡಿನ್ಯಾಗ ಮಾಲು ಸುತ್ತಿ, ಎರಡೂ ಮೊಣಕಾಲಿನ ನಡುವ ಇಟ್ಟು, ಎರಡೂ ಕೈಲೆ ಹಿಡೀತಿದ್ಳು. ನಾ ಬರೇ ಉಳಿ ಇಟ್ಟು ಬಡೀತಿದ್ದೆ. ನನ್ನ ಕಣ್ಣು ಅಕ್ಷರದ ಮ್ಯಾಲ. ಅಕಿ ಬೆರಳು ಎಲ್ಲಿ ಇಡ್ತಿದ್ಳು, ಎಷ್ಟು ಒತ್ತಿ ಹಿಡೀತಿದ್ಳು, ಒಂದು ದಿನ ನೋಡಲಿಲ್ಲ. ನೀ ಕೇಳಿದಾಗ ನನಗ ಹೇಳಾಕ ಬರಲಿಲ್ಲ. 'ನನ್ನ ಕೈಯಾಗಿಂದ ಜಾರಿಲ್ಲ' ಅಂತ ಊರ ತುಂಬ ಹೇಳಿಕೋತ ಬಂದೀನಿ. ನನ್ನ ಕೈಯಾಗ ಇದ್ದರ ತಾನ ಜಾರೋದು!”

ಹೊರಗೆ ಯಾರೋ ರಿಕ್ಷಾದವನು ಹಾರ್ನು ಹೊಡೆಯುತ್ತಲೇ ಇದ್ದ. ಮಾವ ಅದು ನಿಲ್ಲುವವರೆಗೆ ಕಾದರು.

“ಒಂದ ಸಲ ಅಳ್ಳಾಡಿದ್ಳು. ಶಿವಪ್ರಕಾಶ ಹೊಟ್ಟ್ಯಾಗಿದ್ದ, ಏಳು ತಿಂಗಳು. ಕೂಸು ಒದ್ದಿತ್ತೋ ಏನೋ. ಉಳಿ ಜಾರಿ ಹೆಬ್ಬಟ್ಟಿಗೆ ನೆಟ್ಟಿತು, ರಕ್ತ ಬಂತು. ನಾ ಏನಂದೆ ಗೊತ್ತೇನು? ಯಾಕ ಅಳ್ಳಾಡಿದಿ, ಗಿರಾಕಿ ಮಾಲು ಕೆಡಿಸಿದಿ ಅಂತ ಬಾಯಿಗೆ ಬಂದಂಗ ಬೈದೆ. ಅಕಿ ಬೆರಳು ಬಾಯಾಗ ಇಟ್ಟುಕೊಂಡ್ಳು. ಆಮ್ಯಾಲ ಮತ್ತ ಹಿಡದ್ಳು.”

ಅತ್ತೆಯ ಹೆಬ್ಬೆರಳು ರಂಜನಾಳ ಕಣ್ಣಿಗೆ ಕಟ್ಟಿತು. ಅವಳು ಹಚ್ಚೆಯೆಂದು ತಿಳಿದ ಆ ಚುಕ್ಕೆಗಳು ಐದಿದ್ದವು. ಮಾವನಿಗೆ ಗೊತ್ತಿದ್ದದ್ದು ಒಂದು. ಉಳಿದ ನಾಲ್ಕು ಸಲ ಉಳಿ ನೆಟ್ಟರೂ ಅತ್ತೆ ಅಳ್ಳಾಡದೆಯೇ ಹಿಡಿದುಕೊಂಡಿರಬೇಕು. ರಂಜನಾ ಆ ಲೆಕ್ಕವನ್ನು ಮಾವನಿಗೆ ಹೇಳಲಿಲ್ಲ. ಮೂರು ದಿನದಿಂದ ಅವರ ಮೇಲೆ ಕಟ್ಟಿಕೊಂಡಿದ್ದ ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿದಳು, ಸಿಗಲಿಲ್ಲ. ಅದರ ಜಾಗದಲ್ಲಿ ತನ್ನ ಮೇಲೆಯೇ ಒಂದಿಷ್ಟು ಸಿಟ್ಟಿತ್ತು. ಹದಿನೈದು ವರ್ಷ ಒಂದೇ ಒಲೆಯ ಮುಂದೆ ನಿಂತಿದ್ದಳು, ಒಮ್ಮೆಯಾದರೂ ಅದೇನು ಎಂದು ಕೇಳಬಹುದಿತ್ತು.

ಅವಳು ಕೈ ಚಾಚಿ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. ಮೆತ್ತಗಿದ್ದರೂ ದಪ್ಪವಿತ್ತು. ಎರಡು ಮಡಿಕೆ ಸೇರಿದರೆ ಸುಮಾರು ಒಂದು ಮಿಲಿಮೀಟರ್.

“ಮಾವಾರ,” ಎಂದಳು. “ಇದನ್ನ ಸ್ವಲ್ಪ ಹೊತ್ತು ಕೊಡ್ರಿ. ಕತ್ತರಸಂಗಿಲ್ಲ.”

ತೇಗದ ಕುಳಿಯಲ್ಲಿ ಸೆರಗಿನ ಎರಡು ಮಡಿಕೆಯನ್ನು ಹಾಸಿ, ಅದರ ಮೇಲೆ ಅರಗು ತುಂಬಿದ ಗುಂಡಗಡಗಿಯನ್ನು ಇಟ್ಟು, ಹೆಬ್ಬೆರಳಿನಿಂದ ಒತ್ತಿದಳು. ಅದು ಒಳಗಿಳಿದು, ಅರ್ಧಕ್ಕೆ ಬಂದು, ಕೂತಿತು. ಲೊಡಲೊಡ ಎನ್ನಲಿಲ್ಲ. ಕಿವಿಗಳು ಮರಕ್ಕೆ ತಾಗದೆ ಮೇಲೆ ಉಳಿದವು. ವೈಸನ್ನು ಮೆಲ್ಲಗೆ ಬಿಗಿದಳು. ಸೀಳು ಕೂದಲೆಳೆಯಷ್ಟು ಮುಚ್ಚಿತು, ಮರ ಬಟ್ಟೆಯನ್ನು ಒತ್ತಿತು, ಬಟ್ಟೆ ಬೆಳ್ಳಿಯನ್ನು ಒತ್ತಿತು. ಬೆರಳಿನಿಂದ ತಿರುಗಿಸಲು ನೋಡಿದಳು, ಜಪ್ಪಯ್ಯ ಎಂದರೂ ತಿರುಗಲಿಲ್ಲ. ಬೆಳ್ಳಿ ನೆಗ್ಗಲೂ ಇಲ್ಲ.

“ಹೆಸರು ಹಾಕಲ್ಯಾ?” ಎಂದು ಕೇಳಿದಳು. ಮಾವ ಕುರ್ಚಿಯನ್ನು ಬಿಟ್ಟು ಬಂದು ಮಷೀನಿನ ಪಕ್ಕದಲ್ಲಿ ನಿಂತಿದ್ದರು. ಟೊಪ್ಪಿಗೆ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ತಲೆಯಾಡಿಸಿದರು.

ವಜ್ರದ ಮೊನೆ ಇಳಿಯಿತು. ಬೆಳ್ಳಿಯ ಮೇಲೆ ಕಿರಿಕಿರಿ ಸದ್ದು ಮಾಡುತ್ತಾ, ಸಣ್ಣ ಸಣ್ಣ ಬಾಗುಗಳನ್ನು ಎಳೆಯುತ್ತಾ ಹೋಯಿತು. ನಿಜಲಿಂಗಪ್ಪ ಬಗ್ಗಿ, ಕನ್ನಡಕವನ್ನು ಮೂಗಿನ ತುದಿಗೆ ತಂದುಕೊಂಡು, ಒಂದನೇ ಇಯತ್ತೆಯ ಹುಡುಗನಂತೆ ಒಂದೊಂದೇ ಅಕ್ಷರ ಓದಿದರು. “ಸಾ... ವಂ...” ಗುಂಡಗಡಗಿ ಅಲುಗಲಿಲ್ಲ. “ತ್ರ...” ಎಂದವರು ಓದುವುದನ್ನು ಬಿಟ್ಟು ಕನ್ನಡಕ ಒರೆಸಿಕೊಂಡರು, ಮೊನೆ ಮಾತ್ರ ನಿಲ್ಲದೆ ಮುಂದಿನ ಅಕ್ಷರಕ್ಕೆ ಹೋಯಿತು. ಕಡೆಯ ‘ವ್ವ’ದ ಮೇಲಿನ ‘ವ’ ಸರಿಯಾಗಿ ಬಂತು. ಕೆಳಗಿನ ಒತ್ತಕ್ಷರಕ್ಕೆ ಮೊನೆ ಇಳಿದು ಬದಿಗೆ ಎಳೆದಾಗ, ಬಟ್ಟೆ ಒಂದು ಎಳೆಯಷ್ಟು ಸರಿಯಿತು. ಒತ್ತಕ್ಷರ ತನ್ನ ಜಾಗ ಬಿಟ್ಟು ಕೂದಲಿನಷ್ಟು ಬಲಕ್ಕೆ ವಾಲಿ ಕೂತಿತು. ಮೊನೆ ಮೇಲೆದ್ದಿತು, ಕೆಲಸ ಮುಗಿದಿತ್ತು.

“ಅಯ್ಯೋ, ಅಳ್ಳಾಡ್ತು!” ಎಂದು ರಂಜನಾ ಕಿರುಚಿದಳು. ಮೂರು ದಿನದ ಅಭ್ಯಾಸ, ಬಾಯಿ ತಾನಾಗಿಯೇ ತೆರೆಯಿತು. “ಎಲ್ಲಾ ಹಿಡದು ಕಡೀಕ ಕೈ ಕೊಡ್ತು! ಇನ್ನೊಂದು ನಿಮಿಷ ಗಟ್ಟಿಯಾಗಿ ಹಿಡಿಯಾಕ ಏನಾಗಿತ್ತು ಈ ಹಾಳಾದ್ದಕ್ಕ...”

“ರಂಜನಾ.”

ಮಾವನ ಕೈ ಮುಂದೆ ಬಂದು, ವೈಸಿನ ಹೊರಗೆ ಇಳಿಬಿದ್ದಿದ್ದ ಸೆರಗಿನ ತುದಿಯ ಮೇಲೆ ಕೂತಿತು.

“ಬೈಬ್ಯಾಡವಾ,” ಎಂದರು ನಿಜಲಿಂಗಪ್ಪ. “ಒಂದ ಸಲ ಅಳ್ಳಾಡ್ಯದ. ಅಷ್ಟೊತ್ತು ಹಿಡಕೊಂಡಿತ್ತಲ್ಲ.”

ರಂಜನಾ ಮಷೀನಿನ ಸ್ವಿಚ್ಚು ಆರಿಸಿ, ಮಾವ ಕೈ ತೆಗೆಯುವವರೆಗೂ ವೈಸು ಬಿಚ್ಚದೆ ನಿಂತಳು.